ಉದ್ಘಾಟನೆಯಾಗದ ಮನೆಯ ಕಾವಲುಗಾರರು

ನಿವೃತ್ತ ಸೈನಿಕರ ವಿಶ್ರಾಂತಿಧಾಮಗಳನ್ನು ಹೊಸದಾಗಿ ಕಟ್ಟಿಸುವ ಹೊಣೆ ಹೊತ್ತಿರುವ ವಿಶೇಷಾಧಿಕಾರಿಗಳಿಗೆ,

ಮಾನ್ಯರೇ,

ಚನ್ನಗಿರಿಯಲ್ಲಿ ತಾವು ಕಟ್ಟಿಸಿರುವ ವಿಶ್ರಾಂತಿಧಾಮದಲ್ಲಿ ಈವರೆಗೆ ಒಬ್ಬನೇ ಒಬ್ಬ ಸೈನಿಕನೂ ವಿಶ್ರಮಿಸಿಲ್ಲ. ಕಟ್ಟಡ ಮುಗಿದು ಎರಡನೆಯ ಮಳೆಗಾಲ ನಡೆಯುತ್ತಿದೆ. ಅದರೊಳಗೆ ಇರಬೇಕಾದ ಮುದುಕರು ಪಕ್ಕದ ಅಡಿಕೆ ಗೋದಾಮಿನಲ್ಲಿ ಚೀಲಗಳ ಸಂದಿಯಲ್ಲಿ ಮಲಗುತ್ತಿದ್ದಾರೆ. ಅವರಲ್ಲೊಬ್ಬರಾದ ಹಾಲೇಶಪ್ಪನವರು ಕಳೆದ ವಾರ ಅಲ್ಲೇ ತೀರಿಕೊಂಡರು. ಆ ಗೋದಾಮು ನನ್ನದು. ನಾನು ಬರೆಯುವ ಮನುಷ್ಯನಲ್ಲ, ಅಡಿಕೆ ತೂಗುವ ಮನುಷ್ಯ. ಆದರೆ ಇದನ್ನು ಬರೆಯದೆ ಇದ್ದರೆ ಊಟ ಗಂಟಲಲ್ಲಿ ಇಳಿಯುವಂತಿಲ್ಲ. ಪತ್ರಿಕೆಯವರು ದೊಡ್ಡ ಮನಸ್ಸು ಮಾಡಿ ಜಾಗ ಕೊಟ್ಟಿದ್ದಾರೆ. ನೇರವಾಗಿ ತಮಗೆ ಬರೆದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿದೆಯಲ್ಲ?

ಹೊಸದನ್ನು ಕಂಡರೆ ಮೂಗು ಮುರಿಯುವ ಹಳೇ ಕಾಲದವನು ಎಂದು ದಯವಿಟ್ಟು ತಿಳಿಯಬೇಡಿ. ಹಳೆಯ ಕಟ್ಟಡದ ಅವಸ್ಥೆ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ದೊಡ್ಡ ಯುದ್ಧ ಮುಗಿದ ಕಾಲಕ್ಕೆ ಚಂದಾ ಎತ್ತಿ ಕಟ್ಟಿದ ಹೆಂಚಿನ ಮನೆ ಅದು. ಜಂತಿಗೆ ಗೆದ್ದಲು ಹಿಡಿದಿತ್ತು. ಕಕ್ಕಸು ಹಿತ್ತಲಿನ ಚರಂಡಿ ದಾಟಿದ ಮೇಲೆ ಸಿಗುತ್ತಿತ್ತು. ಸೂಳೆಕೆರೆ ಕಡೆಯ ದಾಸಪ್ಪನವರಿಗೆ ಎಪ್ಪತ್ತೊಂದರ ಯುದ್ಧದಲ್ಲಿ ಒಂದು ಕಾಲು ಹೋಗಿದೆ. ಅವರು ಮರದ ಕಾಲಿನಲ್ಲಿ ಆ ಚರಂಡಿ ದಾಟುವುದನ್ನು ನೋಡಿದರೆ ನೋಡಿದವರ ಎದೆ ಝಲ್ಲೆನ್ನುತ್ತಿತ್ತು. ಆದ್ದರಿಂದ ಇದನ್ನು ಕೆಡವಿ ಆಧುನಿಕ ರೀತಿಯಲ್ಲಿ ಕಟ್ಟುತ್ತೇವೆ ಎಂದು ತಾವು ಹೇಳಿದಾಗ ನಾವು ಪಟಾಕಿ ಹಚ್ಚಿದೆವು. ಕಟ್ಟುವ ಮೂರು ತಿಂಗಳ ಮಟ್ಟಿಗೆ ಇವರು ಎಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ನಾನೇ ಮುಂದೆ ಬಂದು ಗೋದಾಮು ಬಿಟ್ಟುಕೊಟ್ಟೆ. ಆವತ್ತು ತಾವು ನನಗೆ ಹಾರ ಹಾಕಿ ‘ಉದಾರ ದಾನಿ’ ಎಂದಿರಿ. ಈಗ ಆ ಮಾತು ನೆನಪಾದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಕಟ್ಟಡ ಚೆನ್ನಾಗಿಯೇ ಆಗಿದೆ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಮೊಸಾಯಿಕ್ ನೆಲ, ಟ್ಯೂಬ್‌ಲೈಟು, ಫ್ಯಾನು, ಕೊಠಡಿಗೆ ಅಂಟಿಕೊಂಡೇ ನಲ್ಲಿಯಿರುವ ಬಚ್ಚಲು, ಪೂರ್ವಕ್ಕೆ ದೊಡ್ಡ ದೊಡ್ಡ ಗಾಜಿನ ಕಿಟಕಿ. ಗೋಡೆಯುದ್ದಕ್ಕೂ ಮುದುಕರು ಹಿಡಿದುಕೊಂಡು ನಡೆಯಲೆಂದು ಕಬ್ಬಿಣದ ಕಂಬಿ ಹಾಕಿಸಿದ್ದಾರೆ. ಅದನ್ನು ಯಾರೋ ಮನಸ್ಸಿಟ್ಟು ಯೋಚಿಸಿದ್ದಾರೆ. ಆ ಯಾರೋ ತಾವೇ ಆಗಿದ್ದರೆ ತಮಗೆ ನಮಸ್ಕಾರ. ಆದರೆ ಆ ಕಂಬಿಯನ್ನು ಇದುವರೆಗೆ ಹಿಡಿದವರು ಬಣ್ಣ ಬಳಿದ ಕೆಲಸಗಾರರು ಮಾತ್ರ. ಅದಕ್ಕೆ ಈಗ ತುಕ್ಕು ಹಿಡಿಯುತ್ತಿದೆ.

ಯಾಕೆ ಹೀಗಾಯಿತು? ತಮಗೆ ಮರೆತಿರಬಹುದು, ನೆನಪಿಸುತ್ತೇನೆ. ಹೋದ ವರ್ಷ ಯುಗಾದಿಗೆ ಮುಂಚೆ ಕೆಲಸ ಮುಗಿದು ಮಂಚ ಹಾಸಿಗೆಗಳೆಲ್ಲ ಬಂದಿಳಿದವು. ತಾವು ಜೀಪಿನಲ್ಲಿ ಬಂದು ಎಲ್ಲವನ್ನೂ ನೋಡಿ ಸಂತೋಷಪಟ್ಟಿರಿ. ಹೊರಡುವಾಗ ಬಾಗಿಲಿಗೆ ಬೀಗ ಹಾಕಿಸಿ, ಬೀಗದ ಕೈಯನ್ನು ಹವಾಲ್ದಾರ್ ಮರುಳಸಿದ್ದಪ್ಪನವರ ಕೈಗೆ ಕೊಟ್ಟಿರಿ. ಇವರು ಜಗಳೂರು ಕಡೆಯವರು, ಅಲ್ಲಿದ್ದವರಲ್ಲೆಲ್ಲ ಹಿರಿಯರು. ತಾವು ಅವರಿಗೆ ಹೇಳಿದ್ದನ್ನು ಪಕ್ಕದಲ್ಲಿ ನಿಂತಿದ್ದ ನಾನು ಕಿವಿಯಾರೆ ಕೇಳಿದ್ದೇನೆ. “ಉದ್ಘಾಟನೆ ಆಗುವವರೆಗೆ ಒಂದು ನರಪಿಳ್ಳೆಯೂ ಒಳಗೆ ಕಾಲಿಡಬಾರದು. ಹವಾಲ್ದಾರ್ರೇ, ಜವಾಬ್ದಾರಿ ನಿಮ್ಮದು.” ಮರುಳಸಿದ್ದಪ್ಪನವರು ಹಿಮ್ಮಡಿ ಕೂಡಿಸಿ ನಿಂತು “ಹೌದು ಸಾಬ್” ಎಂದರು. ತಮ್ಮ ಜೀಪು ಹೋಯಿತು. ಆಮೇಲೆ ತಾವು ಬರಲಿಲ್ಲ.

ಮಾನ್ಯರೇ, ಈ ದೇಶದಲ್ಲಿ ಸಾಹೇಬರ ಮಾತನ್ನು ಯಾರಾದರೂ ಇದ್ದ ಹಾಗೇ ತೆಗೆದುಕೊಳ್ಳುತ್ತಾರೆಯೇ? “ಆಯ್ತು ಸಾರ್” ಅನ್ನುತ್ತೇವೆ, ಜೀಪು ತಿರುವು ದಾಟುತ್ತಲೇ ನಮಗೆ ಅನುಕೂಲವಾದದ್ದನ್ನು ಮಾಡುತ್ತೇವೆ. ಆ ಮಾತನ್ನು ತಾವು ನನಗೆ ಹೇಳಿದ್ದರೆ ಅವತ್ತು ಸಂಜೆಗೇ ನನ್ನ ಅಡಿಕೆ ಚೀಲಗಳು ಒಳಗಿರುತ್ತಿದ್ದವು. ತಾವು ಅದನ್ನು ಹೇಳಬಾರದವರಿಗೆ ಹೇಳಿಬಿಟ್ಟಿರಿ. ಆ ಮುದುಕರು ಅದನ್ನು ಹುಕುಂ ಎಂದು ತಿಳಿದರು. ಮಾರನೆಯ ದಿನದಿಂದಲೇ ಪಾಳಿ ಹಾಕಿಕೊಂಡು ಕಾವಲಿಗೆ ನಿಂತರು. ದಾಸಪ್ಪನವರ ಪಾಳಿಗೆ ಮಾತ್ರ ಒಂದು ಸ್ಟೂಲು. ಆ ಮುದುಕರು ತಮ್ಮ ಮನೆಯೊಳಗೆ ತಾವೇ ಹೋಗದಂತೆ ತಾವೇ ಕಾಯುತ್ತಿದ್ದಾರೆ. ಲೋಕದಲ್ಲಿ ಇಂಥ ಪಹರೆ ಬೇರೆಲ್ಲಾದರೂ ಇದ್ದರೆ ತಿಳಿಸಿ, ನಮಗೆ ಸ್ವಲ್ಪ ಸಮಾಧಾನವಾದೀತು.

ನಾನು ಜಗಳವಾಡದೆ ಇರಲಿಲ್ಲ. ಮೊದಲ ಮಳೆಗೇ ಗೋದಾಮಿನ ತಗಡು ಸೋರಿತು. ನಾನು ಹೋಗಿ ರೇಗಿದೆ: “ಏನ್ರೀ ಹವಾಲ್ದಾರ್ರೆ, ಬೀಗದ ಕೈ ಸೊಂಟದಾಗೆ ಇಟ್ಕೊಂಡು ಇಲ್ಲಿ ನೆನೀತಾ ಕುಂತೀರಲ್ಲ, ಇದೇನು ಹುಚ್ಚು?”

“ಬೀಗದ ಕೈ ನನ್ ಹತ್ರ ಐತೆ ಸಾವ್ಕಾರ್ರೆ, ಹುಕುಂ ಇಲ್ಲ.”

“ಅವರು ಒಂದು ವಾರದ ಲೆಕ್ಕದಾಗೆ ಹೇಳಿದ್ದು ರೀ. ಮರ್ತು ಬಿಟ್ಟಾರೆ.”

“ಮರ್ತಿರಬೋದು. ನಾನು ಮರ್ತಿಲ್ಲಲ್ಲ.”

“ನಾವು ನಾಲ್ಕು ಜನ ಬಂದು ಬೀಗ ಒಡೀತೀವಿ, ಅಲ್ಲಿಗೆ ನಿಮ್ ಮೇಲೆ ತಪ್ಪು ಬರಲ್ಲ.”

ಆಗ ಅವರು ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು: “ಹಂಗೆ ಮಾಡಬ್ಯಾಡ್ರಿ. ನಿಮ್ಮ ಅನ್ನ ಉಂಡೀನಿ. ನೀವು ಬಂದ್ರೂ ನಾನು ಅಡ್ಡ ನಿಲ್ಲಬೇಕಾಗ್ತೈತೆ.” ನಾನು ನನ್ನ ಅಡಿಕೆ ಮಂಡಿಗೆ ವಾಪಸು ಬಂದೆ.

ಉದ್ಘಾಟನೆ ಯಾಕೆ ನಿಂತಿತೆಂಬುದು ಊರಿನ ಕೂಸಿಗೂ ಗೊತ್ತು. ಬಾಗಿಲ ಪಕ್ಕ ಅಮೃತಶಿಲೆಯ ಫಲಕ ಕೂರಿಸಿ, ಒಬ್ಬ ಮಹನೀಯರ ‘ಅಮೃತಹಸ್ತದಿಂದ’ ಎಂದು ಕೆತ್ತಿಸಿದ್ದಿರಿ. ಅಷ್ಟರಲ್ಲಿ ಆ ಮಹನೀಯರ ಕುರ್ಚಿ ಹೋಯಿತು. ಶಿಲ್ಪಿ ಬಂದು ಹೆಸರನ್ನು ಉಜ್ಜಿ ಹೋದ. ಕುರ್ಚಿಗೆ ಬಂದ ಹೊಸಬರಿಗೆ ಪುರುಸೊತ್ತಿಲ್ಲ. ಅವರಿಗಿಂತ ಕೆಳಗಿನವರಿಂದ ಮಾಡಿಸಿದರೆ ಅವರಿಗೆ ಸಿಟ್ಟು. ಹೀಗಾಗಿ ಕಲ್ಲಿನ ಮೇಲೆ ಅಮೃತಹಸ್ತವಿದೆ, ಹಸ್ತದ ಯಜಮಾನರಿಲ್ಲ. ಆ ಹೆಸರು ಸಿಗುವವರೆಗೆ ಬರ್ಮಾದಲ್ಲಿ ಹೋರಾಡಿದವನು, ಕಾಶ್ಮೀರದಲ್ಲಿ ಹೋರಾಡಿದವನು ಅಡಿಕೆ ಧೂಳು ಕುಡಿಯುತ್ತಾ ಕೂರಬೇಕು. ಒಂದು ಮನೆ ವಾಸಕ್ಕೆ ಯೋಗ್ಯವಾಗಲು ಗೋಡೆ ಸಾಲದು, ಸೂರು ಸಾಲದು, ಅದನ್ನು ಎಂದೂ ವಾಸಕ್ಕೆ ಬಳಸದವರೊಬ್ಬರು ಬಂದು ಟೇಪು ಕತ್ತರಿಸಲೇಬೇಕು ಎಂಬುದು ಯಾವ ಎಂಜಿನಿಯರಿಂಗ್ ಶಾಸ್ತ್ರದಲ್ಲಿದೆ? ಇದನ್ನೂ ಆಧುನೀಕರಣದ ಬಾಬತ್ತಿಗೇ ಸೇರಿಸಿದ್ದೀರೋ ಏನೋ.

ನಮ್ಮ ಊರೂ ಕಡಿಮೆಯದಲ್ಲ. ಮೊದಮೊದಲು ಜನ ಅಯ್ಯೋ ಪಾಪ ಎಂದರು. ಆಮೇಲೆ ಅದೊಂದು ತಮಾಷೆಯಾಯಿತು. ಶಿವಮೊಗ್ಗದ ಬಸ್ಸಿಗೆ ಕಾಯುವವರು ಹೊತ್ತು ಹೋಗದಿದ್ದರೆ ಅಲ್ಲಿಗೆ ಹೋಗಿ “ಏನ್ ಹವಾಲ್ದಾರ್ರೆ, ಪಾಕಿಸ್ತಾನದೋರು ಬಂದ್ರಾ?” ಎಂದು ಕೇಳಿ ನಗುತ್ತಿದ್ದರು.  ಆಗಸ್ಟ್ ಹದಿನೈದಕ್ಕೆ ಮಾತ್ರ ಊರಿಗೆ ಊರೇ ಈ ಮುದುಕರನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿ, ಕೈಗೊಂದು ಬಾಳೆಹಣ್ಣು ಕೊಟ್ಟು, ವೀರಯೋಧರು ಎಂದು ಭಾಷಣ ಮಾಡಿತು. ಭಾಷಣ ಮುಗಿದ ಮೇಲೆ ವೀರಯೋಧರು ಗೋದಾಮಿಗೆ ನಡೆದರು. ನನ್ನ ಹೆಂಡತಿ ಕಸ್ತೂರಮ್ಮ ಅವತ್ತು ಊಟಕ್ಕೆ ಬಡಿಸುತ್ತಾ, “ಈ ಊರಿನ ಗಂಡಸರಿಗೆ ನಾಚಿಕೆ ಅನ್ನೋದು ಐತೋ, ಅದನ್ನೂ ಮಾರ್ಕೊಂಡ್ರೋ?” ಎಂದಳು. ನಾನು ಅನ್ನ ಕಲಸುತ್ತಾ ಕುಳಿತೆ.

ಇನ್ನು ಹಾಲೇಶಪ್ಪನವರ ಮಾತು. ನ್ಯಾಮತಿ ಹತ್ತಿರದ ಹಳ್ಳಿಯವರು. ಪಲ್ಟನ್ನಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಗೋದಾಮಿನಲ್ಲೇ ಮೂರು ಕಲ್ಲು ಹೂಡಿ ಚಹಾ ಕಾಯಿಸಿ, ನನ್ನ ಹಮಾಲರಿಗೂ ಕೊಡುತ್ತಿದ್ದರು. ಅವರಿಗೆ ಉಬ್ಬಸವಿತ್ತು. ಅಡಿಕೆ ಗೋದಾಮಿನ ಧೂಳು ಎಂಥದ್ದೆಂದು ಅದರಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತು. ಗಟ್ಟಿಮುಟ್ಟಾದ ಹಮಾಲರೇ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ನಾನು ಆದಷ್ಟು ಚೀಲ ಬೇರೆ ಕಡೆ ಹಾಕಿಸಿದೆ. ಆದರೆ ಗೋದಾಮಿಗೆ ಕಿಟಕಿ ಎಲ್ಲಿಂದ ತರಲಿ? ಈ ಮಳೆ ಹಿಡಿದ ಮೇಲೆ ಅವರಿಗೆ ಉಸಿರು ಎಳೆದುಕೊಳ್ಳುವುದೇ ಒಂದು ಕೆಲಸವಾಯಿತು. ಡಾಕ್ಟರು ನೋಡಿ, “ಔಷಧಿ ಆಮೇಲೆ, ಮೊದಲು ಇವರನ್ನು ಗಾಳಿ ಬೆಳಕು ಇರೋ ಕಡೆ ಮಲಗಿಸಿ” ಎಂದರು. ಗಾಳಿ ಬೆಳಕು ಇರುವ ಕಡೆ ಎಲ್ಲಿದೆಯೆಂದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆವತ್ತೇ ನನ್ನ ಮಂಡಿಯಿಂದ ತಮ್ಮ ಕಚೇರಿಗೆ ಟ್ರಂಕ್ ಕಾಲ್ ಹಾಕಿಸಿದೆ. ಎತ್ತಿಕೊಂಡವರು ಸೌಜನ್ಯವಾಗಿಯೇ ಮಾತಾಡಿದರು. ಇನ್ನೇನು ದಿನಾಂಕ ನಿಗದಿಯಾಗುತ್ತದೆ, ಅಲ್ಲಿಯವರೆಗೆ ಸ್ವಲ್ಪ ಸುಧಾರಿಸಿಕೊಳ್ಳಲು ಹೇಳಿ ಎಂದರು. ಉಸಿರು ಕಟ್ಟಿದವನು ಹೇಗೆ ಸುಧಾರಿಸಿಕೊಳ್ಳಬೇಕು ಎಂದು ಕೇಳುವಷ್ಟರಲ್ಲಿ ಲೈನು ಹೋಯಿತು. ಕಸ್ತೂರಮ್ಮ ನಮ್ಮ ಮನೆಗೇ ಕರೆದುಕೊಂಡು ಬನ್ನಿ ಎಂದಳು. ಹೋಗಿ ಕರೆದೆ. ಹಾಲೇಶಪ್ಪನವರು ಕೈ ಆಡಿಸಿಬಿಟ್ಟರು. “ಇವ್ರನ್ನೆಲ್ಲ ಇಲ್ಲಿ ಬಿಟ್ಟು ನಾನೊಬ್ನೇ ಬರಾಕೆ ಆಗಲ್ಲ ಸಾವ್ಕಾರ್ರೆ” ಎಂದರು. ಹಾಗಾದರೆ ಹವಾಲ್ದಾರರಿಗೆ ಬಾಗಿಲು ತೆಗೆಯಲು ನೀವೇ ಹೇಳಿ, ನಿಮ್ಮ ಮಾತು ಕೇಳಿಯಾರು ಎಂದೆ. ಅದಕ್ಕೆ ಅವರು ಉಸಿರು ತಡೆತಡೆದು ಹೇಳಿದ್ದಿಷ್ಟು: “ಬ್ಯಾಡ್ರಿ. ನಾನ್ ಕೇಳಿದ್ರೆ ಸಿದ್ದಪ್ಪ ತೆಗೆದುಬಿಡ್ತಾನೆ. ಜಲ್ಮದಾಗೆ ಹುಕುಂ ಮುರಿದೋನಲ್ಲ ಅವನು. ನನ್ನ ದೆಸೆಯಿಂದ ಮುರಿಯೋದು ಬ್ಯಾಡ.”

ಮರುಳಸಿದ್ದಪ್ಪನವರು ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಕೇಳಿಸಿತೋ ಇಲ್ಲವೋ, ಹೊರಗೆ ಹೋಗಿ ಮಳೆಯಲ್ಲಿ ನಿಂತರು.

ಮರುದಿನ ಮಧ್ಯಾಹ್ನ ಹಾಲೇಶಪ್ಪನವರ ಉಸಿರು ನಿಂತಿತು. ಮಳೆ ಧೋ ಎಂದು ಸುರಿಯುತ್ತಿತ್ತು. ಗೋದಾಮಿನೊಳಗೆ ನಾಲ್ಕು ಜನ ನಿಲ್ಲಲು ಜಾಗವಿಲ್ಲ, ಹೊರಗೆ ತಾಡಪಾಲು ಕಟ್ಟಿದರೆ ಅದೂ ಸೋರುತ್ತಿತ್ತು. ಹೆಣಕ್ಕೆ ಸ್ನಾನ ಮಾಡಿಸಿ ಮಲಗಿಸಲು ಒಣನೆಲ ಬೇಕು, ನೋಡಲು ಬಂದವರು ನಿಲ್ಲಬೇಕು. ಆಗ ಮರುಳಸಿದ್ದಪ್ಪನವರು ಮೊದಲ ಸಲ ನನ್ನ ಮಂಡಿಯ ಮೆಟ್ಟಿಲು ಹತ್ತಿ ಬಂದರು. “ಸಾವ್ಕಾರ್ರೆ, ಇನ್ನೊಂದು ಸಲ ಫೋನ್ ಮಾಡ್ರಿ. ಮಣ್ಣು ಮಾಡೋವರೆಗೆ ಒಂದೊತ್ತು ಹೊಸ ಕಟ್ಟಡದಾಗೆ ಮಲಗಿಸಾಕೆ ಪರ್ಮಿಷನ್ ಕೇಳ್ರಿ. ಆಮೇಲೆ ನಾವೇ ತೊಳೆದು, ಒರೆಸಿ, ಬೀಗ ಹಾಕ್ತೀವಿ” ಎಂದರು. ನಾನು ಮಾಡಿದೆ. ತಮ್ಮ ಕಚೇರಿಯವರು ಕೇಳಿಸಿಕೊಂಡು, ಸಾಹೇಬರನ್ನು ಕೇಳಿ ಬರುತ್ತೇನೆ ಎಂದು ಫೋನು ಮೇಜಿನ ಮೇಲಿಟ್ಟು ಹೋದರು. ತಾವು ಅಲ್ಲೇ ಇದ್ದಿರಿ. ತಮ್ಮ ದನಿ ನನಗೆ ದೂರದಿಂದ ಕೇಳುತ್ತಿತ್ತು. ವಾಪಸು ಬಂದವರು ಹೇಳಿದರು: “ಇಲ್ಲ ರೀ. ಪೂಜೆ ಆಗಿಲ್ಲ, ಉದ್ಘಾಟನೆ ಆಗಿಲ್ಲ. ಅದಕ್ಕೆ ಮುಂಚೆ ಹೆಣ ಒಳಗೆ ಹೋದರೆ ಅಪಶಕುನ ಅಂತಾರೆ ಸಾಹೇಬರು. ದೊಡ್ಡೋರು ಬರೋ ಜಾಗ.”

ಶಕುನ, ಅಪಶಕುನ ನಾನೂ ನೋಡುವವನೇ. ಹೊಸ ತಕ್ಕಡಿಗೆ ಪೂಜೆ ಮಾಡದೆ ತೂಕ ಹಿಡಿಯುವವನಲ್ಲ. ಆದರೆ ಮಾನ್ಯರೇ, ಯಾರಿಗಾಗಿ ಮನೆ ಕಟ್ಟಿದ್ದೀರೋ ಅವನೇ ಅದರ ಅಪಶಕುನವಾದರೆ ಆ ಮನೆಗೆ ಶುಭ ಯಾವುದು? ಈ ಮಾತನ್ನು ನಾನು ಮರುಳಸಿದ್ದಪ್ಪನವರಿಗೆ ಹೇಗೆ ಹೇಳಲಿ? ಸುಳ್ಳು ಹೇಳಿದೆ. ಲೈನು ಸಿಗಲಿಲ್ಲ ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯದು. ತಲೆಯಾಡಿಸಿ ಹೋಗಿ, ತಾಡಪಾಲಿನ ಕೆಳಗೆ ಗೆಳೆಯನ ತಲೆಗೆ ಕೊಡೆ ಹಿಡಿದು ನಿಂತರು.

ಸಂಜೆಯ ಹೊತ್ತಿಗೆ ನ್ಯಾಮತಿ ಕಡೆಯಿಂದ ಹಾಲೇಶಪ್ಪನವರ ತಂಗಿ ಉಚ್ಚಂಗೆಮ್ಮ ಬಸ್ಸಿಳಿದು ಬಂದರು. ವಯಸ್ಸಾದ ಹೆಂಗಸು. ಅಣ್ಣನ ಎದೆಯ ಮೇಲೆ ಬಿದ್ದು ಅತ್ತರು. ಅತ್ತು ಮುಗಿದ ಮೇಲೆ ತಲೆಯೆತ್ತಿ ಸುತ್ತ ನೋಡಿದರು. ತಗಡು, ಚೀಲ, ಸೋರುವ ತಾಡಪಾಲು. ಆಮೇಲೆ ಪಕ್ಕದ ಹೊಸ ಕಟ್ಟಡ ನೋಡಿದರು.

“ಅಣ್ಣನ್ನ ಯಾಕೆ ಹೊರಗೆ ತಂದು ಹಾಕೀರಿ? ಆ ಅರಮನೆಯಾಗೆ ಅಲ್ವಾ ಅವನು ಇದ್ದಿದ್ದು?” ಎಂದು ಕೇಳಿದರು.

ನಮಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಹೋದ ದೀಪಾವಳಿಗೆ ಊರಿಗೆ ಹೋಗಿದ್ದ ಹಾಲೇಶಪ್ಪನವರು, ತನಗೆ ಸ್ಪ್ರಿಂಗ್ ಮಂಚ ಕೊಟ್ಟಿದ್ದಾರೆ, ತಲೆಯ ಮೇಲೆ ಫ್ಯಾನ್ ತಿರುಗುತ್ತದೆ, ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ಸೂರ್ಯ ಕಾಣುತ್ತಾನೆ ಎಂದೆಲ್ಲ ಹೇಳಿದ್ದರಂತೆ. ಸರ್ಕಾರ ನಮ್ಮ ಅಣ್ಣನನ್ನು ಚೆನ್ನಾಗಿ ಇಟ್ಟುಕೊಂಡಿದೆ ಎಂದು ಈ ತಾಯಿ ಹಳ್ಳಿಗೆಲ್ಲ ಹೇಳಿಕೊಂಡು ತಿರುಗಿದ್ದರಂತೆ. “ಅವನು ಮಲಗ್ತಿದ್ದ ಮಂಚ ಒಂದ್ ಸಲ ತೋರಿಸ್ರಪ್ಪ. ನೋಡ್ಕೊಂಡು ಹೋಗ್ತೀನಿ” ಎಂದರು.

ಅಲ್ಲಿ ಅಷ್ಟು ಜನ ಇದ್ದೆವು. ಊರಿನ ದೊಡ್ಡವರು ಎನಿಸಿಕೊಂಡವರೂ ಇದ್ದರು.  ಮರುಳಸಿದ್ದಪ್ಪನವರು ಮುಂದೆ ಬಂದು ಆಕೆಯ ಕೈ ಹಿಡಿದುಕೊಂಡು ಹೊಸ ಕಟ್ಟಡದ ಜಗಲಿಗೆ ಕರೆದೊಯ್ದರು. ಬಾಗಿಲ ಬಳಿ ನಿಲ್ಲಲಿಲ್ಲ. ಕಿಟಕಿಯ ಬಳಿ ನಿಲ್ಲಿಸಿ, ಗಾಜಿನ ಮೇಲಿನ ನೀರನ್ನು ಅಂಗೈಯಿಂದ ಒರೆಸಿ, ಒಳಗೆ ಬೆರಳು ಮಾಡಿ ತೋರಿಸಿದರು. “ಅದೇ ತಾಯಿ. ಆ ಮೂಲೇದು.” ಎಪ್ಪತ್ತು ದಾಟಿದ ಆ ಮನುಷ್ಯ ಅದಕ್ಕೂ ಮುಂಚೆ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ.

ಉಚ್ಚಂಗೆಮ್ಮ ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: “ಹಾಸಿಗೆ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿಲ್ಲಲ್ಲಪ್ಪ.”

 ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ನಮ್ಮನ್ನು ಬೈಯಲಿಲ್ಲ, ಶಾಪ ಹಾಕಲಿಲ್ಲ. “ನಮ್ಮಣ್ಣ ಸುಳ್ಳುಗಾರ ಅಲ್ಲ. ನಾಚಿಕೆಗೆ ಹಂಗೆ ಹೇಳ್ಯಾನೆ” ಎಂದರು, ಅಷ್ಟೇ. ಅಣ್ಣನ ಪರವಾಗಿ ನಮ್ಮ ಕ್ಷಮೆ ಕೇಳುವಂತಿತ್ತು ಆ ದನಿ. ನಾಚಿಕೆಪಡಬೇಕಾದವರು ಯಾರು, ಪಟ್ಟವರು ಯಾರು ನೋಡಿ ಸ್ವಾಮಿ! ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗಂತೂ ಆ ಜಗಲಿಯ ಮೇಲೆಯೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವತ್ತಿಗೂ ಕನ್ನಡಿಯಲ್ಲಿ ಮುಖ ನೋಡಿ ವಿಭೂತಿ ಹಚ್ಚಿಕೊಳ್ಳಲು ಆಗುತ್ತಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಣ್ಣು ಮಾಡಿ ಬಂದ ಮೇಲೆ ಮರುಳಸಿದ್ದಪ್ಪನವರು ಊಟ ಬಿಟ್ಟಂತೆಯೇ ಆಗಿದೆ. ಕಾವಲು ಮಾತ್ರ ಬಿಟ್ಟಿಲ್ಲ. ಸ್ವಂತ ಪಾಳಿಯಲ್ಲದೆ ಹಾಲೇಶಪ್ಪನವರ ಪಾಳಿಯನ್ನೂ ಅವರೇ ನಿಲ್ಲುತ್ತಾರೆ. ನಿನ್ನೆ ನನ್ನನ್ನು ಕರೆದು, “ಸಾವ್ಕಾರ್ರೆ, ನೀವು ಬರೀತೀರಂತೆ. ನಂದೊಂದು ಮಾತು ಬರೀರಿ. ನನ್ನ ಡ್ಯೂಟಿ ಇಳಿಸಾಕೆ ಹೇಳ್ರಿ” ಎಂದರು. ಡ್ಯೂಟಿ ಇಳಿಸಿ ಒಳಗೆ ಕಳಿಸಿ ಎಂದು ಬರೆಯುತ್ತೇನೆ ಎಂದೆ. “ಒಳಗೆ ಹೋಗಾಕಲ್ಲ. ಜಗಳೂರಿಗೆ ಹೋಗ್ತೀನಿ” ಎಂದರು. ಜಗಳೂರಿನಲ್ಲಿ ಅವರಿಗೆ ಯಾರಿದ್ದಾರೆ? ಮನೆಯಿಲ್ಲ, ಮಕ್ಕಳಿಲ್ಲ. ಹಾಗೆಂದು ಕೇಳಿದ್ದಕ್ಕೆ ಅವರು ಹೇಳಿದ್ದು: “ಹಾಲೇಶ ಸತ್ತಾಗ ಬೀಗದ ಕೈ ನನ್ ಸೊಂಟದಾಗೆ ಇತ್ತು ರೀ. ಆ ಮಂಚದ ಮೇಲೆ ನಾನು ಯಾವ ಮುಖ ಇಟ್ಕೊಂಡು ಮಲಗ್ಲಿ?”

ಕೇಳಿದಿರಾ ಮಾನ್ಯರೇ? ತಾವು ಮರೆತ ಒಂದು ಮಾತನ್ನು ಉಳಿಸಿಕೊಂಡದ್ದಕ್ಕೆ ಆ ಮನುಷ್ಯ ತನ್ನನ್ನೇ ಕೊಲೆಗಾರನಂತೆ ಕಾಣುತ್ತಿದ್ದಾರೆ. ಆ ತಪ್ಪು ಅವರದಲ್ಲ, ತಮ್ಮದು ಎಂದು ಅವರಿಗೆ ಹೇಳಬಲ್ಲವರು ತಾವೊಬ್ಬರೇ. ನಾನು ಹೇಳಿದರೆ ಅದು ಅಡಿಕೆ ವ್ಯಾಪಾರಿಯ ಸಮಾಧಾನ. ಸಾಹೇಬರು ಹೇಳಿದರೆ ಅದು ಹುಕುಂ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಕಾಗದ ಕಳಿಸಬೇಡಿ, ಜವಾನನನ್ನು ಕಳಿಸಬೇಡಿ, ಯಾವ ಅಮೃತಹಸ್ತವನ್ನೂ ಜೊತೆಗೆ ಕರೆತರಬೇಡಿ. ತಾವೇ ಬನ್ನಿ. ಆ ಬಾಗಿಲ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, ಆವತ್ತು ಹೇಳಿದಷ್ಟೇ ಗಟ್ಟಿಯಾಗಿ ಹೇಳಿ: ಹವಾಲ್ದಾರ್ರೇ, ತಪ್ಪು ನನ್ನದು, ಕಾವಲು ಮುಗಿಯಿತು, ಬಾಗಿಲು ತೆಗೆದು ನಿಮ್ಮವರನ್ನು ಕರೆದುಕೊಂಡು ಒಳಗೆ ಹೋಗಿ, ಇದು ಹುಕುಂ. ಹುಕುಂ ಆದರೆ ಅವರು ಜಗಳೂರಿಗೆ ಹೋಗುವುದಿಲ್ಲ, ಒಳಗೆ ಹೋಗುತ್ತಾರೆ. ದಾಸಪ್ಪನವರು ಆ ಕಂಬಿ ಹಿಡಿದು ನಡೆಯುತ್ತಾರೆ. ಮಿಕ್ಕವರು ಪ್ಲಾಸ್ಟಿಕ್ ಹಾಳೆ ಕಿತ್ತು ಮಲಗುತ್ತಾರೆ.

ತಾವು ಹಾಗೆ ಹೇಳಿದ ಕೂಡಲೇ ಮರುಳಸಿದ್ದಪ್ಪನವರು ತಮಗೆ ಸೆಲ್ಯೂಟ್ ಹೊಡೆಯುತ್ತಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ತಡೆದುಕೊಳ್ಳುವುದು ಕಷ್ಟ. ಆಗ ತಲೆ ತಗ್ಗಿಸಬೇಡಿ, ಜೀಪಿನ ಕಡೆ ತಿರುಗಬೇಡಿ, ಅವರ ಮುಖ ನೋಡಿ ವಾಪಸು ಕೈ ಎತ್ತಿ. ತಲೆ ತಗ್ಗಿಸಲು ತಮಗೂ ನನಗೂ ಮುಂದೆ ಬೇಕಾದಷ್ಟು ವರ್ಷಗಳಿವೆ. ಅವರಿಗೆ ಅಷ್ಟು ಇಲ್ಲ.

ಇಂತಿ,
ತಮ್ಮ ಆಧುನಿಕ ವಿಶ್ರಾಂತಿಧಾಮ ಸದ್ಯಕ್ಕೆ ಯಾರ ಗೋದಾಮಿನಲ್ಲಿ ನಡೆಯುತ್ತಿದೆಯೋ ಆ ನತದೃಷ್ಟ
ಮುರುಗೇಶಪ್ಪ
ಅಡಿಕೆ ಮಂಡಿ, ಚನ್ನಗಿರಿ
ಆಗಸ್ಟ್ ೧೯೮೪